1/8 ಡೆಮಿ ಪುಟ, ಹತ್ತು ಇಂಚಿನ ಪರದೆ

“ಟ್ಯಾಬ್ ತಗೊಂಡ್ರೆ ಓದೋಕೆ ಉಪಯೋಗ ಆಗುತ್ತಾ, ಇಲ್ಲಾ ನಾಲ್ಕು ದಿನ ಮಕ್ಕಳ ಆಟಕ್ಕಾಗಿ ಆಮೇಲೆ ಬೀರು ಸೇರುತ್ತಾ?” ಹಾಸನದ ಮೊಬೈಲ್ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ಎರಡೂ ಆಗುತ್ತದೆ. ಯಾವ ಮನೆಯಲ್ಲಿ ಯಾವುದು ಆಗುತ್ತದೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದಿಲ್ಲ. ಪರದೆಯಲ್ಲಿ ಇಂಚಿಗೆ ಎಷ್ಟು ಚುಕ್ಕಿ, ಪರದೆಯ ಆಕಾರ ಏನು, ಕೈಯಲ್ಲಿ ಹಿಡಿದರೆ ಎಷ್ಟು ಭಾರ, ತಂದ ದಿನ ಅದನ್ನು ಹೇಗೆ ಸಜ್ಜು ಮಾಡಿದಿರಿ: ಇಷ್ಟರಲ್ಲೇ ಅದರ ಹಣೆಬರಹ ಮುಗಿದಿರುತ್ತದೆ.

ಇಂಗ್ಲಿಷ್ ಓದುಗರಿಗೆ ಸಿಗುವ ಸಲಹೆ ಸರಳ. ಈಗಿನ ಫೋನ್‌ಗಳೇ ದೊಡ್ಡವು, ಪುಸ್ತಕ ಓದಲು ಕಿಂಡಲ್‌ನಂಥ ಇ-ಇಂಕ್ ರೀಡರ್ ಇದೆ, ನಡುವಿನ ಟ್ಯಾಬ್ಲೆಟ್ ಯಾಕೆ? ಅವರ ಮಟ್ಟಿಗೆ ಅದು ಸರಿಯಿರಬಹುದು. ಕನ್ನಡ ಓದುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಕಾರಣ ತಿಳಿಯಬೇಕಾದರೆ ಒಂದು ಸ್ಕೇಲ್ ತೆಗೆದುಕೊಂಡು ಪುಸ್ತಕದ ಕಪಾಟಿನ ಹತ್ತಿರ ಹೋಗಬೇಕು.

ಕನ್ನಡದ ಕಾದಂಬರಿ, ಕಥಾಸಂಕಲನ, ಪ್ರಬಂಧ, ವಿಮರ್ಶೆ ಹೆಚ್ಚಿನವು ಅಚ್ಚಾಗುವುದು 1/8 ಡೆಮಿ ಅಳತೆಯಲ್ಲಿ. ಪುಟ ಸುಮಾರು ಎಂಟೂವರೆ ಇಂಚು ಉದ್ದ, ಐದೂವರೆ ಇಂಚು ಅಗಲ. 16:10 ಆಕಾರದ 10.1 ಇಂಚಿನ ಟ್ಯಾಬ್ಲೆಟ್‌ನ ಪರದೆ ಅಳೆದು ನೋಡಿ (10.1 ಎಂಬುದು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಲೆಕ್ಕ): 8.56 ಇಂಚು ಉದ್ದ, 5.35 ಇಂಚು ಅಗಲ. ವ್ಯತ್ಯಾಸ ಕೆಲವು ಮಿಲಿಮೀಟರ್ ಮಾತ್ರ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕವನ್ನು ಈ ಪರದೆಗೆ ತುಂಬಿಸಿದರೆ ಪುಟ ಹೆಚ್ಚುಕಮ್ಮಿ ಅಚ್ಚಿನ ಅಳತೆಯಲ್ಲೇ ಕಾಣುತ್ತದೆ. ಅದೇ ಪುಟವನ್ನು 6 ಇಂಚಿನ ಇ-ಇಂಕ್ ರೀಡರ್‌ನಲ್ಲಿ ತೆರೆದರೆ ಪರದೆಯ ಅಗಲ ಬರೀ 3.6 ಇಂಚು, ಅಗಲಕ್ಕೆ ಹೊಂದಿಸಿದರೂ ಪುಟ ಶೇ. 65ಕ್ಕೆ ಕುಗ್ಗುತ್ತದೆ, 12 ಪಾಯಿಂಟ್ ಅಕ್ಷರ 8 ಪಾಯಿಂಟ್ ಆಗುತ್ತದೆ. ಆರೂವರೆ ಇಂಚಿನ ಫೋನ್‌ನ ಅಗಲ ಇನ್ನೂ ಕಡಿಮೆ, 2.7 ಇಂಚಿನ ಆಸುಪಾಸು. ಅಲ್ಲಿ 12 ಪಾಯಿಂಟ್ 6 ಪಾಯಿಂಟ್‌ಗೆ ಇಳಿಯುತ್ತದೆ. ಔಷಧಿ ಪಟ್ಟಿಯ ಹಿಂಬದಿಯ ಅಕ್ಷರ ಓದಿದ ಹಾಗೆ.

ಇದು ಇಷ್ಟು ಮುಖ್ಯ ಆಗುವುದು ಕನ್ನಡದಲ್ಲಿ ಡಿಜಿಟಲ್ ಆಗಿ ಸಿಗುವ ಬಹುಪಾಲು ಸರಕು ಪುಟಗಳ ಚಿತ್ರ, ಇಲ್ಲವೇ ಅಚ್ಚಿನ ಜೋಡಣೆ ಬದಲಾಗದ ಪುಟ ಆದ್ದರಿಂದ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿರುವ ಸಾವಿರಾರು ಹಳೆಯ ಪುಸ್ತಕಗಳು, ಸರ್ಕಾರದ ಪಠ್ಯಪುಸ್ತಕಗಳ ಪಿಡಿಎಫ್, ಪತ್ರಿಕೆಗಳ ಇ-ಪೇಪರ್, ವಾರಪತ್ರಿಕೆ, ದೀಪಾವಳಿ ವಿಶೇಷಾಂಕ, ಬೆಳೆಗಾರರಿಗೆ ಬರುವ ಕೃಷಿ ಕೈಪಿಡಿ, ಎಲ್ಲವೂ ಹಾಗೇ. ಇವುಗಳಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಹೊಸದಾಗಿ ಮುರಿದು ಜೋಡಣೆಯಾಗುವುದಿಲ್ಲ. ಪುಟವೇ ಪರದೆಯಾಚೆ ಜಾರುತ್ತದೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಬೆರಳಲ್ಲಿ ಎಳೆದು ಓದುವವರು ಹತ್ತನೇ ಪುಟ ದಾಟುವುದು ಕಷ್ಟ.

ಇ-ಇಂಕ್ ರೀಡರ್ ಬಗ್ಗೆ ನನಗೆ ಗೌರವವಿದೆ. ಅದರ ಪರದೆ ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಕಾಫಿ ಕಣದ ಪಕ್ಕ ಕುರ್ಚಿ ಹಾಕಿ ಕೂತರೂ ಓದಬಹುದು, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಆದರೆ ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಕನ್ನಡ ಇ-ಪುಸ್ತಕ ಬೆಳೆದದ್ದು ಬೇರೆ ದಾರಿಯಲ್ಲಿ: ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್, ಗೂಗಲ್ ಪ್ಲೇ ಬುಕ್ಸ್, ರಾಜ್ಯದ ಇ-ಸಾರ್ವಜನಿಕ ಗ್ರಂಥಾಲಯ. ಇವೆಲ್ಲ ಓಡುವುದು ಆಂಡ್ರಾಯ್ಡ್ ಅಥವಾ ಐಪ್ಯಾಡ್ ಮೇಲೆ. ಹಾಗಾಗಿ ಇಂಗ್ಲಿಷ್ ಕಾದಂಬರಿಗಳನ್ನೇ ಓದುವವರು ಇ-ಇಂಕ್ ತೆಗೆದುಕೊಳ್ಳಲಿ; ಮನೆಯ ಮುಖ್ಯ ಓದು ಕನ್ನಡವಾದರೆ ಟ್ಯಾಬ್ಲೆಟ್ಟೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಯಾವುದೋ ಒಂದು ಟ್ಯಾಬ್ಲೆಟ್ ಸಾಲದು. ಚುಕ್ಕಿಯ ವಿಷಯ ಬರುವುದು ಇಲ್ಲೇ.

ಪರದೆಯ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂಬುದನ್ನು ಪಿಪಿಐ ಅನ್ನುತ್ತಾರೆ. 2010ರ ಮೊದಲ ಐಪ್ಯಾಡ್‌ನಲ್ಲಿ ಅದು 132. 2012ರಲ್ಲಿ ಮೂರನೇ ಐಪ್ಯಾಡ್ ಬಂದಾಗ ಒಂದೇ ನೆಗೆತಕ್ಕೆ 264 ಆಯಿತು, ಟ್ಯಾಬ್ಲೆಟ್ ಓದಲು ಯೋಗ್ಯ ಅನ್ನಿಸಿಕೊಂಡದ್ದು ಆಗ. ಇಷ್ಟು ವರ್ಷ ಕಳೆದ ಮೇಲೂ 1280×800 (ಉದ್ದಕ್ಕೆ 1280, ಅಗಲಕ್ಕೆ 800 ಚುಕ್ಕಿ) ರೆಸಲ್ಯೂಶನ್‌ನ 10.1 ಇಂಚಿನ ಟ್ಯಾಬ್ಲೆಟ್‌ಗಳು ಅಗ್ಗದ ಸಾಲಿನಲ್ಲಿ ಮಾರಾಟವಾಗುತ್ತಿವೆ. ಅವುಗಳ ಪಿಪಿಐ 149, ಅಂದರೆ 2010ಕ್ಕೇ ಹತ್ತಿರ. ವಿಡಿಯೋ ಹಾಕಿ ತೋರಿಸಿದರೆ ಈ ಕೊರತೆ ಗೊತ್ತೇ ಆಗುವುದಿಲ್ಲ. ಚಲಿಸುವ ಚಿತ್ರದಲ್ಲಿ ಕಣ್ಣು ಅಷ್ಟು ಸೂಕ್ಷ್ಮ ಹುಡುಕುವುದಿಲ್ಲ.

ಕನ್ನಡ ಅಕ್ಷರ ಹಾಕಿದ ತಕ್ಷಣ ಬಣ್ಣ ಬಯಲಾಗುತ್ತದೆ. 12 ಪಾಯಿಂಟ್ ಅಂದರೆ ಇಂಚಿನ ಆರನೇ ಒಂದು ಭಾಗ. 149 ಪಿಪಿಐನಲ್ಲಿ ಆ ಎತ್ತರಕ್ಕೆ ಸಿಗುವುದು ಸುಮಾರು 25 ಚುಕ್ಕಿ. ಅಷ್ಟರೊಳಗೆ ತಲೆಕಟ್ಟು, ಮೇಲೆ ಗುಣಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು. ‘ವೈಶಿಷ್ಟ್ಯ’ದ ಕೊನೆಯ ಅಕ್ಷರ, ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರ ನೋಡಿ; ಕೆಳಗಿನ ಒಂದೊಂದು ಒತ್ತಿಗೆ ದಕ್ಕುವುದು ಏಳೆಂಟು ಚುಕ್ಕಿ. ಅಷ್ಟರಲ್ಲಿ ಟ ಒತ್ತು, ಯ ಒತ್ತು ಬೇರೆ ಬೇರೆಯಾಗಿ ಕಾಣಬೇಕು. ಅದಕ್ಕಿಂತ ಕಷ್ಟ ಮಹಾಪ್ರಾಣದ ಸೀಳು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಚುಕ್ಕಿ ಕಡಿಮೆಯಾದರೆ ಆ ಸೀಳು ಮಸಿ ತುಂಬಿದಂತೆ ಮುಚ್ಚಿಹೋಗುತ್ತದೆ. ಪ ಮತ್ತು ಷ ಕೂಡ ಹೀಗೇ ಒಂದರಲ್ಲೊಂದು ಬೆರೆಯುತ್ತವೆ. ಓದುವ ಮನಸ್ಸು ಸಂದರ್ಭ ನೋಡಿ ಸರಿಪಡಿಸಿಕೊಳ್ಳುತ್ತದೆ, ನಿಜ; ಆದರೆ ಸಾಲು ಸಾಲಿಗೂ ಹಾಗೆ ಸರಿಪಡಿಸಿಕೊಂಡೇ ಓದಿದರೆ ಅರ್ಧ ಗಂಟೆಗೆ ಹುಬ್ಬಿನ ನಡುವೆ ನೋವು ಶುರು. ಅದಕ್ಕೆ “ಸ್ಕ್ರೀನ್ ಓದು ಕಣ್ಣಿಗೆ ಆಗಲ್ಲ” ಎಂಬ ಹೆಸರು ಬೀಳುತ್ತದೆ. ಇಂಗ್ಲಿಷ್ ಅಕ್ಷರಗಳು 149ರಲ್ಲೂ ತಕ್ಕಮಟ್ಟಿಗೆ ನಡೆದುಹೋಗುವುದರಿಂದ ವಿಮರ್ಶೆ ಬರೆಯುವವರು ಈ ತೊಂದರೆಯನ್ನು ಹೇಳುವುದಿಲ್ಲ.

1920×1200 ಇರುವ 10.1 ಇಂಚಿನ ಪರದೆಯಲ್ಲಿ ಪಿಪಿಐ 224. 12 ಪಾಯಿಂಟ್‌ಗೆ 37 ಚುಕ್ಕಿ. ಸೀಳು ತೆರೆದುಕೊಳ್ಳುತ್ತದೆ, ಒತ್ತುಗಳು ಬಿಡಿಸಿಕೊಳ್ಳುತ್ತವೆ. ಕನ್ನಡ ಓದಿಗೆ ಕನಿಷ್ಠ ಇದರ ಆಸುಪಾಸು ಇರಲಿ. 11 ಇಂಚಿನಲ್ಲಿ 2000×1200 ಆದರೆ 212, ನಡೆಯುತ್ತದೆ. 8.7 ಇಂಚಿನಲ್ಲಿ 1340×800 ಆದರೆ 179; ಹಗುರ, ಬೆಲೆಯೂ ಕಡಿಮೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಾದ ಇ-ಪುಸ್ತಕಕ್ಕೆ ಪರವಾಗಿಲ್ಲ, ಸ್ಕ್ಯಾನ್ ಪುಟಕ್ಕೆ ಸಾಲದು.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಫೋನ್‌ನ ಹಾಟ್‌ಸ್ಪಾಟ್ ಹಾಕಿ, ಪ್ರದರ್ಶನಕ್ಕಿಟ್ಟ ಟ್ಯಾಬ್‌ನಲ್ಲಿ ಯಾವುದಾದರೂ ಕನ್ನಡ ಪುಸ್ತಕದ ಪಿಡಿಎಫ್ ತೆರೆಯಿರಿ. ಇಡೀ ಪುಟ ಪರದೆಯಲ್ಲಿ ಕಾಣುವಂತೆ ಇಟ್ಟು, ಮೊಣಕೈ ಮಡಿಸಿ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಧ, ಭ ಇರುವ ಪದ ಹುಡುಕಿ. ಸೀಳು ಕಂಡರೆ ಆಯಿತು. ಒಂದು ಎಚ್ಚರ: ಆ ಪಿಡಿಎಫ್ ಅಕ್ಷರ ಜೋಡಿಸಿ ಮಾಡಿದ್ದಾಗಿರಲಿ. ಮಸುಕಾದ ಸ್ಕ್ಯಾನ್ ತೆರೆದು ಪರದೆಗೆ ಬೈದು ಪ್ರಯೋಜನವಿಲ್ಲ.

ಆಕಾರವೂ ಲೆಕ್ಕಕ್ಕೆ ಬರುತ್ತದೆ. ಕಾದಂಬರಿ, ಕಥೆ ಓದುವವರಿಗೆ 16:10 ಸಾಕು. ಪಠ್ಯಪುಸ್ತಕ, ಪರೀಕ್ಷೆಯ ನೋಟ್ಸ್, ಎ4 ಸುತ್ತೋಲೆ ಓದುವವರಿಗೆ ಐಪ್ಯಾಡ್‌ನಂಥ ಅಗಲ ಪರದೆ ಅನುಕೂಲ, 10.9 ಇಂಚಿನ ಐಪ್ಯಾಡ್ ಸುಮಾರು 6.2 ಇಂಚು ಅಗಲವಿದೆ. 10.1 ಇಂಚಿನ ಪರದೆಯಲ್ಲಿ ಎ4 ಪುಟ ಶೇ. 65ಕ್ಕೆ ಕುಗ್ಗುತ್ತದೆ. ಇದಕ್ಕೊಂದು ಉಪಾಯವಿದೆ. ರೀಡ್‌ಎರಾ, ಲಿಬ್ರೆರಾ, ಕೆಓ ರೀಡರ್ ತರಹದ ಆ್ಯಪ್‌ಗಳಲ್ಲಿ ಅಂಚು ಕತ್ತರಿಸುವ ಆಯ್ಕೆ ಇರುತ್ತದೆ. ಎರಡೂ ಬದಿಯ ಎರಡೂವರೆ ಸೆಂಟಿಮೀಟರ್ ಬಿಳಿ ಜಾಗ ತೆಗೆದರೆ ಅದೇ ಎ4 ಶೇ. 85ರಷ್ಟು ಅಳತೆಗೆ ಏರುತ್ತದೆ. ಕನ್ನಡಕ ಬದಲಾಯಿಸಿದಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ.

ದಿನಪತ್ರಿಕೆಯ ಪೂರ್ತಿ ಹಾಳೆ ಯಾವ ಟ್ಯಾಬ್ಲೆಟ್‌ನಲ್ಲೂ ಒಂದೇ ನೋಟಕ್ಕೆ ಓದಲು ಬರುವುದಿಲ್ಲ. ಒಟ್ಟು ಹಾಳೆ ಒಮ್ಮೆ ನೋಡಿ, ಬೇಕಾದ ಸುದ್ದಿಯ ಮೇಲೆ ಎರಡು ಸಲ ತಟ್ಟಿದರೆ ಮೂರು ಕಾಲಂ ಹೆಚ್ಚುಕಡಿಮೆ ಅಚ್ಚಿನ ಅಳತೆಯಲ್ಲಿ ನಿಲ್ಲುತ್ತವೆ. ಪತ್ರಿಕೆ ಓದಿದ ಅನುಭವ ಅಷ್ಟರಲ್ಲಿ ಬಂದುಬಿಡುತ್ತದೆ. ಫೋನ್‌ನಲ್ಲಿ ಒಂದೊಂದೇ ಸುದ್ದಿ ಸಿಗುತ್ತದೆ, ಯಾವುದರ ಪಕ್ಕ ಯಾವುದಿತ್ತು, ಯಾವುದಕ್ಕೆ ಎಷ್ಟು ಜಾಗ ಕೊಟ್ಟಿದ್ದರು ಎಂಬುದು ತಪ್ಪಿಹೋಗುತ್ತದೆ. ಕಾಳಸಂತೆಯ ಸುದ್ದಿಗೂ ಕ್ರಿಕೆಟ್ ಸುದ್ದಿಗೂ ಒಂದೇ ತೂಕ.

ಈಗ ಭಾರದ ಮಾತು. 200 ಪುಟದ ಡೆಮಿ ಪುಸ್ತಕ ಸುಮಾರು 250 ಗ್ರಾಂ. 10–11 ಇಂಚಿನ ಟ್ಯಾಬ್ಲೆಟ್ 450ರಿಂದ 500 ಗ್ರಾಂ, ಮಡಚುವ ಕವರ್ ಸೇರಿದರೆ 700 ದಾಟುತ್ತದೆ. ಅದನ್ನು ಒಂದು ಕೈಯಲ್ಲಿ ಹಿಡಿದು ಮಲಗಿ ಓದಿದರೆ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ. ಟ್ಯಾಬ್ಲೆಟ್ ಓದು ಬಿಟ್ಟುಹೋಗಲು ಕಣ್ಣಿಗಿಂತ ಮಣಿಕಟ್ಟೇ ಹೆಚ್ಚು ಕಾರಣ. ಪರಿಹಾರ ನಮ್ಮ ಹಳೆಯ ಮನೆಗಳಲ್ಲೇ ಇದೆ: ಭಾರತ ವಾಚನಕ್ಕೆ, ಪಾರಾಯಣಕ್ಕೆ ಇಡುತ್ತಿದ್ದ ಮರದ ವ್ಯಾಸಪೀಠ. ಗ್ರಂಥ ಹಿಡಿಯಲೆಂದೇ ಮಾಡಿದ ಅದರ ಇಳಿಜಾರಿನಲ್ಲಿ ಹತ್ತು ಇಂಚಿನ ಟ್ಯಾಬ್ಲೆಟ್ ಸರಿಯಾಗಿ ಕೂರುತ್ತದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಕುತ್ತಿಗೆಯ ಬಾಗೂ ಕಡಿಮೆ. ಒಳಬದಿಗೆ ಹಳೆಯ ಬಟ್ಟೆಯ ತುಂಡು ಹಾಸಿದರೆ ಜಾರುವುದಿಲ್ಲ. ಪೀಠ ಇಲ್ಲದವರಿಗೆ ಅಂಗಡಿಯ ಲೋಹದ ಸ್ಟ್ಯಾಂಡ್ ಆದೀತು. ಬುಡ ಅಗಲವಿರಲಿ, ಬೆರಳು ತಾಗಿದರೆ ಅಲ್ಲಾಡುವಂಥದ್ದು ಬೇಡ. ಕೈಯಲ್ಲೇ ಹಿಡಿಯುವುದಾದರೆ ಓದುವ ಹೊತ್ತು ಕವರ್ ಕಳಚಿಡಿ.

ಅಕ್ಷರ ಹಿಗ್ಗಿಸಬಹುದಾದ ಇ-ಪುಸ್ತಕಗಳಿಗೆ ಕೆಲವು ಸೆಟ್ಟಿಂಗ್ ಒಮ್ಮೆ ಮಾಡಿಟ್ಟರೆ ಮತ್ತೆ ಮುಟ್ಟಬೇಕಿಲ್ಲ. ಫಾಂಟ್ ನೋಟೊ ಸೆರಿಫ್ ಕನ್ನಡ ಇರಲಿ. ಗೆರೆಯ ದಪ್ಪ ಸಣ್ಣದರಲ್ಲಿ ವ್ಯತ್ಯಾಸವಿರುವುದರಿಂದ ಅಚ್ಚಿನ ನೆನಪು ಕೊಡುತ್ತದೆ. ಸಾಲಿನ ಅಂತರ 1.5ಕ್ಕಿಂತ ಕಡಿಮೆ ಬೇಡ, ಒತ್ತಕ್ಷರದ ಕಾಲು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ಎರಡೂ ಬದಿ ಸಮ ಮಾಡುವ ಜೋಡಣೆ ಆಫ್ ಮಾಡಿ, ಎಡಕ್ಕೆ ಮಾತ್ರ ಸಮವಿರಲಿ. ‘ಹೋಗಬೇಕಾಗಿದ್ದುದರಿಂದಲೇ’ ತರಹದ ಉದ್ದ ಪದವನ್ನು ಓದುವ ಆ್ಯಪ್‌ಗಳು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಮುರಿಯುವುದಿಲ್ಲ, ಹಾಗೇ ಎತ್ತಿ ಕೆಳಗಿನ ಸಾಲಿಗೆ ಹಾಕುತ್ತವೆ. ಮೇಲಿನ ಸಾಲಿನಲ್ಲಿ ಉಳಿದ ನಾಲ್ಕು ಪದಗಳ ನಡುವೆ ಗದ್ದೆಯ ಬದುವಿನಷ್ಟು ಜಾಗ ಬಿಟ್ಟುಕೊಳ್ಳುತ್ತದೆ. ಫೋನ್‌ನ ಕಿರಿದಾದ ಪರದೆಯಲ್ಲಿ ಇದು ಸಾಲುಸಾಲಿಗೂ ಆಗುತ್ತದೆ, ಟ್ಯಾಬ್ಲೆಟ್‌ನ ಅಗಲದಲ್ಲಿ ಅಪರೂಪ. ಹಿನ್ನೆಲೆ ತಿಳಿ ಹಳದಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಲವರಿಗೆ ಹಿತ ಅನ್ನಿಸಿದರೂ, ಕಣ್ಣಿನಲ್ಲಿ ಸಿಲಿಂಡರ್ ನಂಬರ್ ಇರುವವರಿಗೆ ಕನ್ನಡದ ದುಂಡು ಅಕ್ಷರದ ಸುತ್ತ ಬೆಳಕು ಹರಡಿ ಕಾಣುತ್ತದೆ. ಅವರು ಅದನ್ನು ಬಿಡುವುದೇ ಒಳ್ಳೆಯದು.

ನೀಲಿ ಬೆಳಕು ತಡೆಯುವ ಗಾಜು, ಕನ್ನಡಕಕ್ಕೆ ಹಣ ಸುರಿಯಬೇಡಿ. ಪರದೆ ನೋಡುವಾಗ ಕಣ್ಣು ಉರಿಯಲು ಮುಖ್ಯ ಕಾರಣ ರೆಪ್ಪೆ ಬಡಿಯುವುದು ಕಡಿಮೆಯಾಗುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಯ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು ಇದಕ್ಕೇ. ಕೋಣೆಯ ದೀಪ ಆರಿಸಿ ಓದಬೇಡಿ, ಪರದೆಯ ಬೆಳಕು ಪಕ್ಕದ ಗೋಡೆಯ ಬೆಳಕಿಗೆ ಸರಿಸಮ ಇರಲಿ.

ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಇನ್ನೊಂದು ತೊಡಕಿದೆ. ಎಲ್ಲ ಭಾಷೆಗೂ ಒಂದೇ ಸಂಕೇತಕ್ರಮವಾದ ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಟೈಪ್ ಆದ ಪುಸ್ತಕಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ. ಪದ ಹುಡುಕಿದರೆ ಸಿಗುವುದಿಲ್ಲ, ನಿಘಂಟು ತೆರೆಯುವುದಿಲ್ಲ, ಗಟ್ಟಿಯಾಗಿ ಓದಿಸಲು ಹೋದರೆ ಅರ್ಥವಿಲ್ಲದ ಸದ್ದು ಬರುತ್ತದೆ. ಒಂದು ಪದ ಒತ್ತಿಹಿಡಿದು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬಂದರೆ ಅದು ಹಳೆಯ ಸಂಕೇತವೆಂದೇ ಅರ್ಥ. ಕಣ್ಣಲ್ಲಿ ಓದುವವರಿಗೆ ಇದರಿಂದ ನಷ್ಟವಿಲ್ಲ. ಕಣ್ಣಿನ ಪೊರೆಯಿಂದ ಓದಲಾಗದೆ ಕೇಳಿಸಿಕೊಳ್ಳಬೇಕಾದ ಹಿರಿಯರಿಗೆ ದೊಡ್ಡ ನಷ್ಟ. ಅವರಿಗಾಗಿ ಯೂನಿಕೋಡ್‌ನಲ್ಲಿರುವ ಪುಸ್ತಕಗಳನ್ನೇ ಆರಿಸಿ. ಕನ್ನಡ ವಿಕಿಸೋರ್ಸ್ ಎಂಬ ಉಚಿತ ಜಾಲ ಗ್ರಂಥಾಲಯದಲ್ಲಿ ಒಳ್ಳೆಯ ಸಂಗ್ರಹವಿದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಟೆಕ್ಸ್ಟ್ ಟು ಸ್ಪೀಚ್ ತೆರೆದು, ಗೂಗಲ್ ಎಂಜಿನ್ ಆರಿಸಿ, ಕನ್ನಡ ಧ್ವನಿಯನ್ನು ಇಳಿಸಿಟ್ಟುಕೊಳ್ಳಿ. ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಓದುತ್ತದೆ. ವೇಗವನ್ನು ಸ್ವಲ್ಪ ತಗ್ಗಿಸಿದರೆ ಒತ್ತಕ್ಷರಗಳ ಉಚ್ಚಾರ ಸ್ಪಷ್ಟವಾಗುತ್ತದೆ.

ಆರ್ಕೈವ್‌ನಿಂದ ಇಳಿಸಿದ ಪುಸ್ತಕದಲ್ಲಿ ಪುಟ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಬರೀ ಬಿಳಿ ಪರದೆ ನಿಲ್ಲುವುದುಂಟು. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ. ಆ ಪಿಡಿಎಫ್‌ಗಳಲ್ಲಿ ಪುಟದ ಚಿತ್ರವನ್ನು ಜೆಪಿಇಜಿ 2000 ಎಂಬ ವಿಧಾನದಲ್ಲಿ ಬಿಗಿಯಾಗಿ ಒತ್ತಿಟ್ಟಿರುತ್ತಾರೆ, ಅದನ್ನು ಬಿಡಿಸಲು ಸಣ್ಣ ಪ್ರೊಸೆಸರ್‌ಗೆ ಹೊತ್ತು ಬೇಕು. 3 ಜಿಬಿ ರ‍್ಯಾಮ್‌ನ ಟ್ಯಾಬ್‌ಗಳಲ್ಲಿ ಇದು ಕಾಡುತ್ತದೆ, ಹಾಗಾಗಿ 4 ಜಿಬಿಗಿಂತ ಕೆಳಗೆ ಇಳಿಯಬೇಡಿ, ಸಾಧ್ಯವಾದರೆ 6. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಆ ಫೈಲನ್ನು ಅಲ್ಲಿ ತೆರೆದು ಪಿಡಿಎಫ್ ಆಗಿಯೇ ಮತ್ತೆ ಪ್ರಿಂಟ್ ಮಾಡಿ ಟ್ಯಾಬ್‌ಗೆ ಹಾಕಿ. ಗಾತ್ರ ಹಿಗ್ಗಬಹುದು, ಪುಟ ಬೇಗ ತಿರುಗುವ ಸಂಭವವೇ ಹೆಚ್ಚು. ಒಂದೊಂದು ಸ್ಕ್ಯಾನ್ ಪುಸ್ತಕ 20ರಿಂದ 100 ಎಂಬಿ ತಿನ್ನುವುದರಿಂದ ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇರುವುದನ್ನೇ ಹುಡುಕಿ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳೊಳಗೇ ಹವೆ ಒಂದೇ ತೆರನಲ್ಲ. ಅರಸೀಕೆರೆ, ಕಡೂರು ಕಡೆಯವರಿಗೆ ಧೂಳಿನ ಚಿಂತೆ. ಚಾರ್ಜಿಂಗ್ ಕಿಂಡಿಗೆ ಧೂಳು ಸೇರಿ ಪಿನ್ ಪೂರ್ತಿ ಕೂರದೆ ಚಾರ್ಜ್ ನಿಂತುನಿಂತು ಆಗುತ್ತದೆ. ಟ್ಯಾಬ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಸೂಜಿ ಹಾಕಬೇಡಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವರ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬೇರೆ. ಆ ಕಾಟ ಟ್ಯಾಬ್‌ಗೆ ಇಲ್ಲ. ಬದಲಿಗೆ ಕಿಂಡಿಯಲ್ಲಿ ತೇವ. “ತೇವಾಂಶ ಪತ್ತೆಯಾಗಿದೆ” ಎಂಬ ಸೂಚನೆ ಬಂದಾಗ ಒತ್ತಾಯಕ್ಕೆ ಚಾರ್ಜ್ ಮಾಡಿದರೆ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಂಡಿ ಕೆಳಮುಖ ಮಾಡಿ ಫ್ಯಾನ್ ಗಾಳಿಗೆ ಒಂದೆರಡು ಗಂಟೆ ನಿಲ್ಲಿಸಿ. ಅಕ್ಕಿ ಡಬ್ಬಿಗೆ ಹಾಕುವುದು ಬೇಡ, ಅಕ್ಕಿಯ ಹಿಟ್ಟು ಕಿಂಡಿ ಸೇರುತ್ತದೆ. ಒಲೆಯ ಹತ್ತಿರವಂತೂ ಇಡಲೇಬೇಡಿ, ಬ್ಯಾಟರಿಗೆ ಬಿಸಿ ಆಗದು.

ಮಲೆನಾಡಿನ ಮನೆಗಳಿಂದ ಬರುವ ಒಂದು ದೂರು ವಿಚಿತ್ರ ಅನ್ನಿಸಬಹುದು: ಚಾರ್ಜ್‌ಗೆ ಹಾಕಿಕೊಂಡು ಓದುವಾಗ ಪುಟ ತಾನಾಗೇ ತಿರುಗುತ್ತದೆ, ಮುಟ್ಟಿದ ಕಡೆ ಬಿಟ್ಟು ಇನ್ನೊಂದು ಕಡೆ ತೆರೆಯುತ್ತದೆ, ಲೋಹದ ಬೆನ್ನು ಸವರಿದರೆ ಜುಂ ಅನ್ನುತ್ತದೆ. ಟ್ಯಾಬ್ ಹಾಳಾಗಿಲ್ಲ. ಎರಡು ಪಿನ್ನಿನ ಚಾರ್ಜರ್‌ಗೆ ಭೂಸಂಪರ್ಕ ಇರುವುದಿಲ್ಲ. ಅದರೊಳಗಿನ ಸಣ್ಣ ಕೆಪಾಸಿಟರ್ ಮೂಲಕ ತುಸು ವಿದ್ಯುತ್ ಸೋರಿ ಟ್ಯಾಬ್‌ನ ಮೈಗೆ ಬರುತ್ತದೆ. ಬೆರಳಿನ ಸೂಕ್ಷ್ಮ ವಿದ್ಯುದಂಶವನ್ನು ಅಳೆದೇ ಸ್ಪರ್ಶ ಗುರುತಿಸುವ ಪರದೆಗೆ ಈ ಗದ್ದಲದಲ್ಲಿ ಬೆರಳು ಎಲ್ಲಿದೆ ಎಂದು ತಿಳಿಯುವುದಿಲ್ಲ. ಅಗ್ಗದ ಚಾರ್ಜರ್‌ನಲ್ಲಿ ಗದ್ದಲ ಹೆಚ್ಚು. ಕಂಪನಿಯದ್ದೇ ಚಾರ್ಜರ್ ಬಳಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ; ಚಾರ್ಜ್ ಕಳಚಿ ಓದಿದರೆ ಪೂರ್ತಿ ನಿಲ್ಲುತ್ತದೆ. ಕಾಫಿಗೆ ಹೂಮಳೆ ಬೀಳುವ ಮಾರ್ಚ್–ಏಪ್ರಿಲ್‌ನ ಸಿಡಿಲಿನ ಸಂಜೆಗಳಲ್ಲಿ ಚಾರ್ಜರನ್ನು ಸಾಕೆಟ್‌ನಿಂದಲೇ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ವೈಫೈ ಪೆಟ್ಟಿಗೆಯ ಅಡಾಪ್ಟರ್‌ಗೂ ಅದೇ ನಿಯಮ.

ಕರೆಂಟ್ ಎರಡು ದಿನ ಬಾರದಿರುವುದು ಆಷಾಢದಲ್ಲಿ ಹೊಸದಲ್ಲ. 8000 ಎಂಎಎಚ್ ಬ್ಯಾಟರಿಯ ಟ್ಯಾಬ್ ಅರ್ಧ ಬೆಳಕಿನಲ್ಲಿ, ವೈಫೈ ಆಫ್ ಮಾಡಿ, ಎಂಟರಿಂದ ಹತ್ತು ಗಂಟೆ ಓದಿಸುತ್ತದೆ. 10,000 ಎಂಎಎಚ್‌ನ ಪವರ್ ಬ್ಯಾಂಕ್ ಅದನ್ನು ಇನ್ನೊಮ್ಮೆ ಮುಕ್ಕಾಲು ಪಾಲು ತುಂಬಿಸುತ್ತದೆ, ಪರಿವರ್ತನೆಯಲ್ಲಿ ನಷ್ಟವಾಗುವುದರಿಂದ ಪೂರ್ತಿ ತುಂಬುವುದಿಲ್ಲ. ಮಳೆ ಹಿಡಿಯುವ ಮುಂಚೆ ಪುಸ್ತಕಗಳನ್ನು ಇಳಿಸಿಟ್ಟುಕೊಳ್ಳಿ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಆನ್‌ಲೈನ್ ಗ್ರಂಥಾಲಯ ಇದ್ದೂ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲಿನಲ್ಲೂ ಇದೇ ಮಾತು, ಸುರಂಗದಿಂದ ಸುರಂಗಕ್ಕೆ ನೆಟ್‌ವರ್ಕ್ ನಂಬುವಂತಿಲ್ಲ.

ಓದು ಬಿಟ್ಟು ಉಳಿದ ದಿನಬಳಕೆಯ ಮಾತು ಚಿಕ್ಕದು. ಪಹಣಿ ನೋಡಲು ಟ್ಯಾಬ್ಲೆಟ್‌ನಷ್ಟು ಅನುಕೂಲ ಫೋನ್‌ನಲ್ಲಿ ಇಲ್ಲ. ಅಡ್ಡಡ್ಡ ಹರಡಿರುವ ಆ ಕಾಲಂಗಳನ್ನು ಪರದೆ ಅಡ್ಡ ಮಾಡಿದರೆ ಒಂದೇ ನೋಟಕ್ಕೆ ಓದಬಹುದು. ಕಾಫಿ ಮಂಡಳಿಯ ಮಾರುಕಟ್ಟೆ ವರದಿಗೂ ಹಾಗೇ. ವಾಟ್ಸ್ಆ್ಯಪ್ ಜೋಡಿಸಬಹುದು, ಟ್ಯಾಬ್‌ನಲ್ಲಿ ಬರುವ ಕ್ಯೂಆರ್ ಕೋಡನ್ನು ಫೋನ್‌ನಿಂದ ಸ್ಕ್ಯಾನ್ ಮಾಡಿ. ಆ ಫೋನ್ 14 ದಿನಕ್ಕಿಂತ ಹೆಚ್ಚು ಬಳಕೆಯಲ್ಲಿಲ್ಲದಿದ್ದರೆ ಟ್ಯಾಬ್‌ನಿಂದ ತಾನಾಗಿ ಕಳಚಿಕೊಳ್ಳುತ್ತದೆ. ವೈಫೈ ಮಾತ್ರ ಇರುವ ಟ್ಯಾಬ್‌ನಲ್ಲಿ ಯುಪಿಐ ಪಾವತಿ ಆಗುವುದಿಲ್ಲ, ಬ್ಯಾಂಕ್‌ಗೆ ಸೇರಿದ ನಂಬರಿನ ಸಿಮ್ ಆ ಉಪಕರಣದೊಳಗೇ ಇರಬೇಕು. ಸಿನಿಮಾ ನೋಡುವವರು ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ಮಟ್ಟ ಇದೆಯೇ ಎಂದು ಕೇಳಿ, ಎಲ್3 ಇದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಹಣ ಕೊಟ್ಟು ನೋಡುವ ಆ್ಯಪ್‌ಗಳಲ್ಲಿ ಚಿತ್ರ ಮಸುಕು. ಉದ್ದನೆಯ ಬರವಣಿಗೆಗೆ ಟ್ಯಾಬ್ಲೆಟ್ ಹೇಳಿ ಮಾಡಿಸಿದ್ದಲ್ಲ. ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸಿದರೆ ಪತ್ರದ ಮಟ್ಟಿಗೆ ಸಾಕಾಗುತ್ತದೆ.

ಓದಲೆಂದು ತಂದದ್ದು ಆಟದ ಸಾಮಾನಾಗುವುದನ್ನು ತಪ್ಪಿಸುವ ಕೆಲಸ ಮೊದಲ ದಿನದ್ದೇ. ಮುಖಪುಟದಲ್ಲಿ ನಾಲ್ಕೇ ಆ್ಯಪ್ ಇರಲಿ: ಪುಸ್ತಕ ಓದುವುದು, ಪತ್ರಿಕೆ, ಗ್ರಂಥಾಲಯ, ಫೈಲ್. ಉಳಿದವುಗಳ ಸೂಚನೆ ಎಲ್ಲ ಬಂದ್. ರೀಲ್ಸ್ ತೋರಿಸುವ ಯಾವುದನ್ನೂ ಹಾಕಬೇಡಿ, ಅದು ಫೋನ್‌ನಲ್ಲೇ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪರದೆಯ ಗುಣ, ಬ್ಯಾಟರಿ ಎಲ್ಲ ಸರಿಯಿದ್ದೂ ಓದು ನಿಂತುಹೋಗುವುದು ಇಲ್ಲೇ. ಕಾದಂಬರಿಯ ಮೂರನೇ ಅಧ್ಯಾಯದ ನಡುವೆ ಮೇಲಿನಿಂದ ಇಳಿದುಬರುವ ಒಂದು ಸೂಚನೆ ಸಾಕು.

ಹೊಸದು ಕೊಳ್ಳುವ ಮುಂಚೆ ಬೀರು ತೆರೆದು ನೋಡಿ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತ್ತು. ಓದು ಮುಗಿಸಿದ ಮಕ್ಕಳ ಆ ಟ್ಯಾಬ್‌ಗಳು ಎಷ್ಟೋ ಮನೆಗಳಲ್ಲಿ ಸುಮ್ಮನೆ ಬಿದ್ದಿವೆ. ಕೇಂದ್ರ ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆಂದು ತಂದ ಅಗ್ಗದ ಆಕಾಶ್ ಟ್ಯಾಬ್‌ನ ಜೊತೆ ಅವನ್ನು ಸೇರಿಸಬೇಡಿ. ಅದು 800×480 ಪರದೆ, 256 ಎಂಬಿ ರ‍್ಯಾಮ್, ಉಗುರಿನಿಂದ ಒತ್ತಿದರಷ್ಟೇ ಕೇಳುವ ಸ್ಪರ್ಶ. ಆಂಡ್ರಾಯ್ಡ್ ತಾನಾಗಿ ಕನ್ನಡ ತೋರಿಸಲು ಕಲಿತದ್ದೇ 2012ರ 4.1 ಆವೃತ್ತಿಯಲ್ಲಿ. 2021ರವು ಕನ್ನಡ ಸರಿಯಾಗಿ ತೋರಿಸುತ್ತವೆ, ಹಿರಿಯರ ಪತ್ರಿಕೆ ಓದಿಗೆ ಧಾರಾಳ ಸಾಕು.

ಹಾಗೆ ಮತ್ತೆ ಬಳಕೆಗೆ ತರುವಾಗ ಕ್ರಮ ತಪ್ಪಬಾರದು. ಮೊದಲು ಹಳೆಯ ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ, ಆಮೇಲೆ ರೀಸೆಟ್ ಮಾಡಿ. ಖಾತೆ ತೆಗೆಯದೆ ಬಟನ್ ಒತ್ತಿಹಿಡಿದು ರೀಸೆಟ್ ಮಾಡಿದರೆ, ಹಳೆಯ ಪಾಸ್‌ವರ್ಡ್ ಕೇಳಿ ಅಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿರುವ ಮಗ ಅದನ್ನು ಮರೆತಿರುತ್ತಾನೆ. ಭದ್ರತೆಯ ಅಪ್‌ಡೇಟ್ ನಿಂತಿರುವ ಟ್ಯಾಬ್ ಆದ್ದರಿಂದ ಬ್ಯಾಂಕ್ ಆ್ಯಪ್ ಹಾಕಬೇಡಿ. ಸಮತಟ್ಟಾದ ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ಇಟ್ಟು ಒಂದು ಮೂಲೆ ಒತ್ತಿ ನೋಡಿ: ತೊಟ್ಟಿಲಂತೆ ತೂಗಿದರೆ, ಪರದೆಯ ಅಂಚು ಎದ್ದಿದ್ದರೆ, ಒಂದು ಕಡೆ ಬಿಳಿಚಿದ ಮಚ್ಚೆ ಕಂಡರೆ, ಬ್ಯಾಟರಿ ಉಬ್ಬಿದೆ. ಅದನ್ನು ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಬೇಡಿ, ಕಸದ ಗಾಡಿಗೂ ಹಾಕಬೇಡಿ. ಸರ್ವಿಸ್ ಸೆಂಟರ್‌ಗೆ ಕೊಟ್ಟು ಬ್ಯಾಟರಿ ಬದಲಾಯಿಸಿ. ಉಬ್ಬಿಲ್ಲದಿದ್ದರೆ ಅರ್ಧದಷ್ಟು ಚಾರ್ಜ್ ಮಾಡಿ, ಒಂದು ರಾತ್ರಿ ಆಫ್ ಮಾಡಿಟ್ಟು, ಬೆಳಿಗ್ಗೆ ಎಷ್ಟು ಉಳಿದಿದೆ ನೋಡಿ. ಎರಡು ಮೂರು ಶೇಕಡಾ ಇಳಿದಿದ್ದರೆ ಬ್ಯಾಟರಿ ಚೆನ್ನಾಗಿದೆ. ಇಪ್ಪತ್ತು ಇಳಿದಿದ್ದರೆ, ಪುಸ್ತಕ ತುಂಬಿಸುವ ಮುಂಚೆ ಹೊಸ ಬ್ಯಾಟರಿಯ ಬೆಲೆ ವಿಚಾರಿಸಿ.